ಎರಡು ಸಲ ಸಿಎಂ ಆದರೂ ತವರಿಗೆ ಗುಳೆ ತಪ್ಪಲಿಲ್ಲ: ಚಿಂಚೋಳಿಯ ವೀರೇಂದ್ರ ಪಾಟೀಲ್ ಕಥೆ

ಕರ್ನಾಟಕದಲ್ಲಿ ಮುಖ್ಯಮಂತ್ರಿ ಬದಲಾವಣೆಯ ಮಾತು ಕೇಳಿಬಂದಾಗಲೆಲ್ಲ ವೀರೇಂದ್ರ ಪಾಟೀಲ್ ಹೆಸರು ಮತ್ತೆ ಮುನ್ನೆಲೆಗೆ ಬರುತ್ತದೆ. 1990ರ ಅಕ್ಟೋಬರ್, ಬೆಂಗಳೂರು ವಿಮಾನ ನಿಲ್ದಾಣ, ರಾಜೀವ್ ಗಾಂಧಿ ಅವರ ಒಂದು ಹೇಳಿಕೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಮುಖ್ಯಮಂತ್ರಿಯ ಕುರ್ಚಿ ಅಲ್ಲಿಗೆ ಹೋಯಿತು. ಲಿಂಗಾಯತರು ಕಾಂಗ್ರೆಸ್‌ನಿಂದ ದೂರವಾಗಲು ಇದೇ ಕಾರಣ ಅಂತ ರಾಜಕೀಯ ವಿಶ್ಲೇಷಕರು ಮೂರು ದಶಕಗಳಿಂದ ಬರೆಯುತ್ತಲೇ ಇದ್ದಾರೆ.

ಆದರೆ ಪಾಟೀಲರ ಊರು ಚಿಂಚೋಳಿಯಲ್ಲಿ ನಿಂತು ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅವರು ಅಧಿಕಾರ ಕಳೆದುಕೊಂಡಿದ್ದು ಹೇಗೆ ಎನ್ನುವುದು ಎಲ್ಲರಿಗೂ ಗೊತ್ತು. ಅಧಿಕಾರ ಕೈಯಲ್ಲಿದ್ದಾಗ ಆ ನೆಲಕ್ಕೆ ಸಿಕ್ಕಿದ್ದೇನು?

ಈ ಪ್ರಶ್ನೆಯನ್ನು ನವಿ ಮುಂಬೈನ ರಬಾಳೆಯಲ್ಲೂ ಕೇಳಬಹುದು. ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಎಂಐಡಿಸಿ ಕಾರ್ಖಾನೆಗಳು, ಅವುಗಳ ಸುತ್ತ ಏಳುತ್ತಿರುವ ಅಪಾರ್ಟ್‌ಮೆಂಟ್‌ಗಳು. ಮುಂಬೈ, ಠಾಣೆ, ನವಿ ಮುಂಬೈನ ಕಟ್ಟಡ ಕೆಲಸದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಜನ ದಶಕಗಳಿಂದ ಇದ್ದಾರೆ. ಚಿಂಚೋಳಿ ಕಡೆಯ ತಾಂಡಾಗಳಿಂದ ಬಂದ ಲಂಬಾಣಿ ಕುಟುಂಬಗಳೂ ಅವರಲ್ಲಿ ಸೇರಿವೆ. ರಬಾಳೆಯಿಂದ ಮೂರನೇ ಸ್ಟೇಷನ್ ತುರ್ಭೆ. ಅಲ್ಲಿನ ಎಪಿಎಂಸಿಗೆ ಕಲಬುರಗಿಯ ತೊಗರಿ ಬೇಳೆ ಲಾರಿಗಳಲ್ಲಿ ಬರುತ್ತದೆ. ಮಹಾರಾಷ್ಟ್ರದ ಹಳೆಯ ಮನೆಗಳ ನೆಲಕ್ಕೆ ಹಾಸಿದ ಕಲ್ಲನ್ನು ಮರಾಠಿಗರು ಶಹಾಬಾದಿ ಫರಶಿ ಎನ್ನುತ್ತಾರೆ. ಆ ಶಹಾಬಾದ್ ಇರುವುದೂ ಕಲಬುರಗಿ ಜಿಲ್ಲೆಯಲ್ಲೇ. ಬೇಳೆ ಬಂತು, ಕಲ್ಲು ಬಂತು, ಅವುಗಳ ಹಿಂದೆ ಜನರೂ ಬಂದರು. ಅವರು ರೈಲಿಳಿಯುವ ಜಂಕ್ಷನ್‌ನ ಹೆಸರು ಕಲ್ಯಾಣ್. ಬಿಟ್ಟು ಬಂದ ಸೀಮೆಗೂ ಈಗ ಕಲ್ಯಾಣ ಕರ್ನಾಟಕ ಎಂದೇ ಹೆಸರು!

ನೆಲ ಬರಡಲ್ಲ. ಕಲಬುರಗಿಯನ್ನು ತೊಗರಿಯ ಕಣಜ ಅಂತ ಶಾಲೆಯ ಪುಸ್ತಕದಲ್ಲೇ ಓದಿದ್ದೇವೆ. ವಾಡಿ, ಶಹಾಬಾದ್, ಸೇಡಂ, ಮಳಖೇಡ ಕಡೆ ಸುಣ್ಣದ ಕಲ್ಲು ಮತ್ತು ಸಿಮೆಂಟ್ ಕಾರ್ಖಾನೆಗಳಿವೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ, ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ಬಳ್ಳಾರಿಯಲ್ಲಿ ಕಬ್ಬಿಣದ ಅದಿರು. ಕೃಷ್ಣೆ, ಭೀಮೆ, ತುಂಗಭದ್ರೆ ಮೂರೂ ಈ ಭಾಗದಲ್ಲೇ ಹರಿಯುತ್ತವೆ. ಇಷ್ಟಿದ್ದೂ 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯಲ್ಲಿ ಆಗಿನ 27 ಜಿಲ್ಲೆಗಳ ಪೈಕಿ ಗುಲ್ಬರ್ಗ 26ನೇ ಸ್ಥಾನದಲ್ಲಿತ್ತು, ರಾಯಚೂರು 27ನೇ ಸ್ಥಾನದಲ್ಲಿತ್ತು.

ನಿಜಾಮರ ಸೀಮೆಯಿಂದ ವಿಧಾನಸೌಧಕ್ಕೆ

ವೀರೇಂದ್ರ ಪಾಟೀಲ್ ಹುಟ್ಟಿದ್ದು 1924ರ ಫೆಬ್ರವರಿ 28ರಂದು, ಚಿಂಚೋಳಿಯಲ್ಲಿ. ಆಗ ಅದು ಹೈದರಾಬಾದ್ ನಿಜಾಮರ ರಾಜ್ಯ. ಆಡಳಿತ ಉರ್ದುವಿನಲ್ಲಿ, ಮನೆಯ ಮಾತು ಕನ್ನಡ, ಗಡಿ ದಾಟಿದರೆ ತೆಲುಗು, ಇನ್ನೊಂದು ಕಡೆ ಮರಾಠಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಮತ್ತು ಕಾನೂನು ಓದಿ ವಕೀಲರಾದರು. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಹೈದರಾಬಾದ್ ಪ್ರವೇಶಿಸಿ ನಿಜಾಮರ ಆಳ್ವಿಕೆ ಮುಗಿದಾಗ ಅವರಿಗೆ 24 ವರ್ಷ.

ದೇಶಕ್ಕೆ ಸ್ವಾತಂತ್ರ್ಯ ಸಿಕ್ಕು ವರ್ಷ ಕಳೆದ ಮೇಲೆ ಸ್ವತಂತ್ರವಾದ ಜನ ಇವರು. ಮೈಸೂರು ಸಂಸ್ಥಾನದಲ್ಲಿ ಅಷ್ಟರೊಳಗೆ ಅಣೆಕಟ್ಟು, ವಿಶ್ವವಿದ್ಯಾಲಯ, ಕಾರ್ಖಾನೆ, ಬ್ಯಾಂಕ್ ಎಲ್ಲ ಬಂದಿದ್ದವು. ಗುಲ್ಬರ್ಗ, ಬೀದರ್, ರಾಯಚೂರಿನಲ್ಲಿ ಓದು ಬಲ್ಲವರೇ ಕಡಿಮೆ, ಅದರಲ್ಲೂ ಕನ್ನಡದಲ್ಲಿ ಓದಿದವರು ಇನ್ನೂ ಕಡಿಮೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬೈ ರಾಜ್ಯಕ್ಕೆ, ಕನ್ನಡದ ಮೂರು ಜಿಲ್ಲೆಗಳು ಮೈಸೂರಿಗೆ. ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ತೆಲಂಗಾಣದ ನಾಯಕರು ಆಂಧ್ರದ ಜತೆ ಸೇರುವ ಮುಂಚೆಯೇ ಷರತ್ತು ಹಾಕಿ ಒಪ್ಪಂದ ಮಾಡಿಕೊಂಡರು. ಸಂವಿಧಾನದ 371ನೇ ವಿಧಿಯಲ್ಲಿ ಅವರಿಗೆ ಪ್ರಾದೇಶಿಕ ಸಮಿತಿಯ ಅವಕಾಶ ಸಿಕ್ಕಿತು. ಮರಾಠವಾಡಾಕ್ಕೂ ಅದೇ ವಿಧಿಯಲ್ಲಿ ಅಭಿವೃದ್ಧಿ ಮಂಡಳಿಯ ಅವಕಾಶ ಬಂತು. ಒಂದೇ ನಿಜಾಮರ ಕೈಕೆಳಗೆ ಒಂದೇ ತರಹ ಹಿಂದುಳಿದಿದ್ದ ಮೂರು ತುಂಡುಗಳಲ್ಲಿ ಕನ್ನಡದ ತುಂಡಿಗೆ ಮಾತ್ರ ಏನೂ ಬರಲಿಲ್ಲ.

ಕನ್ನಡ ನಾಡು ಒಂದಾದರೆ ಸಾಕು, ಉಳಿದದ್ದು ತಾನಾಗಿಯೇ ಬರುತ್ತದೆ ಎನ್ನುವ ನಂಬಿಕೆ ಆಗಿನವರದ್ದು. ಏಕೀಕರಣದ ಉತ್ಸಾಹದಲ್ಲಿ ಷರತ್ತು ಹಾಕುವುದು ಸಣ್ಣತನದಂತೆ ಕಂಡಿರಬೇಕು.

ಮರುವರ್ಷ, 1957ರ ಚುನಾವಣೆಯಲ್ಲಿ ಪಾಟೀಲರು ಚಿಂಚೋಳಿಯಿಂದ ಶಾಸಕರಾದರು. ವಯಸ್ಸು 33. ಎಸ್. ನಿಜಲಿಂಗಪ್ಪ ಅವರ ಕಣ್ಣಿಗೆ ಬಿದ್ದು ಬೇಗನೆ ಉಪ ಸಚಿವರೂ ಆದರು. 1960ರ ದಶಕದಲ್ಲಿ ಸಂಪುಟ ಸಚಿವರಾಗಿ ಲೋಕೋಪಯೋಗಿ ಖಾತೆ ನೋಡಿಕೊಂಡರು. ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ ಮತ್ತು ಗುಲ್ಬರ್ಗದ ವೀರೇಂದ್ರ ಪಾಟೀಲ್ ಇಬ್ಬರನ್ನೂ ಸೇರಿಸಿ ನಿಜಲಿಂಗಪ್ಪನವರ ಲವಕುಶ ಅಂತ ಪತ್ರಿಕೆಗಳು ಕರೆಯುತ್ತಿದ್ದವು.

ಮಾತು ಕಡಿಮೆ, ಕಡತ ಓದಿ ತೀರ್ಮಾನ ಮಾಡುವ ಸ್ವಭಾವ, ಅಧಿಕಾರಿಗಳ ಮೇಲೆ ಬಿಗಿ ಹಿಡಿತ. ಕೈ ಶುದ್ಧ ಎನ್ನುವ ಹೆಸರು ಕೊನೆಯವರೆಗೂ ಉಳಿಯಿತು. 1968ರ ಮೇ 29ರಂದು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪ ಎಐಸಿಸಿ ಅಧ್ಯಕ್ಷರಾಗಿ ದೆಹಲಿಗೆ ಹೋಗಿದ್ದರಿಂದ ತೆರವಾದ ಸ್ಥಾನ ಅದು. ಹೈದರಾಬಾದ್ ಕರ್ನಾಟಕದಿಂದ ಬಂದ ಮೊದಲ ಮುಖ್ಯಮಂತ್ರಿ, ಅದೂ 44ನೇ ವಯಸ್ಸಿಗೆ.

ಗಡಿಯಾಚೆ ಬೆಂಕಿ, ಈಚೆ ಮೌನ

ಈ ಕಥೆಯ ಮುಖ್ಯ ಘಟ್ಟ ಇಲ್ಲಿದೆ. ಪಾಟೀಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ, 1969ರಲ್ಲಿ, ಚಿಂಚೋಳಿಯ ಪಕ್ಕದ ತೆಲಂಗಾಣದಲ್ಲಿ ದೊಡ್ಡ ಚಳವಳಿ ಎದ್ದಿತು. 1956ರ ಒಪ್ಪಂದ ಪಾಲನೆಯಾಗುತ್ತಿಲ್ಲ, ನಮ್ಮ ಕೆಲಸಗಳು ಕರಾವಳಿ ಆಂಧ್ರದವರ ಪಾಲಾಗುತ್ತಿವೆ, ನಮ್ಮ ಆದಾಯ ನಮಗೆ ಖರ್ಚಾಗುತ್ತಿಲ್ಲ ಎನ್ನುವುದು ಅಲ್ಲಿನ ವಿದ್ಯಾರ್ಥಿಗಳ ಕೂಗು. ಉಸ್ಮಾನಿಯಾ ವಿಶ್ವವಿದ್ಯಾಲಯವೇ ಅದರ ಕೇಂದ್ರ, ಅಂದರೆ ಪಾಟೀಲರು ಓದಿದ ಜಾಗ. ಗೋಲಿಬಾರ್‌ನಲ್ಲಿ ಜನ ಸತ್ತರು. ಕೊನೆಗೆ 1973ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ 371(ಡಿ) ಬಂತು. ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ ನಿಕ್ಕಿಯಾಯಿತು.

ಗಡಿಯ ಈ ಕಡೆ ಸಮಸ್ಯೆ ಅದೇ ಇತ್ತು. ಗುಲ್ಬರ್ಗದ ಕಚೇರಿಗಳಿಗೆ ಹೊರ ಜಿಲ್ಲೆಗಳಿಂದ ಬಂದ ನೌಕರರು ವರ್ಗಾವಣೆ ಸಿಕ್ಕ ಕೂಡಲೇ ಹೊರಟುಬಿಡುತ್ತಾರೆ, ಹುದ್ದೆ ಖಾಲಿ ಬೀಳುತ್ತದೆ ಎನ್ನುವ ದೂರು ಇಂದಿಗೂ ನಿಂತಿಲ್ಲ. ಇಂಥದ್ದೇ ರಕ್ಷಣೆ ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರಲಿಲ್ಲ. ಮುಖ್ಯಮಂತ್ರಿ ಆ ನೆಲದವರೇ, ಪಕ್ಕದ ಊರಿನ ಉದಾಹರಣೆ ಕಣ್ಣೆದುರಿಗಿತ್ತು. ಆದರೆ ಪಾಟೀಲರ ಸುಮಾರು ಮೂರು ವರ್ಷಗಳ ಆಡಳಿತ ಮುಗಿದಾಗ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನವೂ ಇರಲಿಲ್ಲ, ಅಭಿವೃದ್ಧಿ ಮಂಡಳಿಯೂ ಇರಲಿಲ್ಲ.

ಅವರ ಪರವಾಗಿ ಹೇಳಬಹುದಾದ ಮಾತೂ ಇದೆ. ರಾಜ್ಯ ಒಂದಾಗಿ ಹನ್ನೆರಡು ವರ್ಷವಷ್ಟೇ ಆಗಿತ್ತು. ಮಹಾಜನ ಆಯೋಗದ ವರದಿ 1967ರಲ್ಲಿ ಬಂದು ಬೆಳಗಾವಿ ಗಡಿಯ ಜಗಳ ಕಾವೇರಿತ್ತು. ಇಂಥ ಹೊತ್ತಿನಲ್ಲಿ ಮುಖ್ಯಮಂತ್ರಿಯೇ ತನ್ನ ಭಾಗಕ್ಕೆ ಬೇರೆ ಕಾನೂನು ಕೇಳಿದರೆ ಬೆಂಗಳೂರು, ಮೈಸೂರಿನ ನಾಯಕರು ಸುಮ್ಮನಿರುತ್ತಿದ್ದರೇ? ಮೂಲೆಯ ಜಿಲ್ಲೆಯಿಂದ ಬಂದ ಮುಖ್ಯಮಂತ್ರಿ ತಾನು ಇಡೀ ರಾಜ್ಯದವನು ಅಂತ ದಿನವೂ ಸಾಬೀತು ಮಾಡಬೇಕಾಗುತ್ತದೆ. ಹಳೆ ಮೈಸೂರಿನ ನಾಯಕನಿಗೆ ಆ ಹೊರೆ ಇರುವುದಿಲ್ಲ. ಇದು ಕಾರಣ ಇರಬಹುದು, ಆದರೆ ಚಿಂಚೋಳಿಯ ಮಟ್ಟಿಗೆ ಅದರಿಂದ ಫಲಿತಾಂಶ ಬದಲಾಗಲಿಲ್ಲ.

ಅವರ ಕಾಲದಲ್ಲಿ ಏನೂ ಆಗಲಿಲ್ಲ ಎನ್ನುವುದು ತಪ್ಪು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಗುಲ್ಬರ್ಗದಲ್ಲಿ ಶುರುವಾಯಿತು. ಅದೇ 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವಾಗಿ ಬೆಳೆಯಿತು. 1970ರಲ್ಲೇ ಮೈಸೂರು ವಿದ್ಯುತ್ ನಿಗಮ ಹುಟ್ಟಿತು. ಇವತ್ತಿನ ಕೆಪಿಸಿಎಲ್ ಅದೇ. ಶಕ್ತಿನಗರದ ಸ್ಥಾವರ ಕಟ್ಟಿದ್ದೂ ಈ ನಿಗಮವೇ. 1985ರಿಂದ ಅಲ್ಲಿ ಕರೆಂಟ್ ಹುಟ್ಟುತ್ತಿದೆ. ಹಾರುಬೂದಿ ರಾಯಚೂರಿಗೆ, ಬೆಳಕು ಬೆಂಗಳೂರಿಗೆ ಅಂತ ಆ ಭಾಗದವರು ಕೊಂಕು ನುಡಿಯುವುದೂ ಅಂದಿನಿಂದಲೇ ಇರಬೇಕು.

ನೀರಿನ ಕಥೆ ಇನ್ನೂ ಉದ್ದ. ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ನೀರು ಹಂಚಿಕೆಗೆ ಬಚಾವತ್ ನ್ಯಾಯಮಂಡಳಿ ರಚನೆಯಾಗಿದ್ದು 1969ರಲ್ಲಿ, ಪಾಟೀಲರು ಸಿಎಂ ಆಗಿದ್ದಾಗ. ಅಂತಿಮ ತೀರ್ಪು ಬರುವಷ್ಟರಲ್ಲಿ 1976. ನಾರಾಯಣಪುರದ ಅಣೆಕಟ್ಟು ಮುಗಿದಿದ್ದು 1982ರಲ್ಲಿ, ಆಲಮಟ್ಟಿ ಮುಗಿಯುವಾಗ ಹೊಸ ಶತಮಾನ ಬಂದಿತ್ತು. ಎತ್ತರವನ್ನು 524.256 ಮೀಟರ್‌ಗೆ ಏರಿಸಲು 2010ರಲ್ಲಿ ಎರಡನೇ ನ್ಯಾಯಮಂಡಳಿ ಒಪ್ಪಿತು. ಅದು ಇನ್ನೂ ಜಾರಿಗೆ ಬರಬೇಕಿದೆ. ನೆರೆ ರಾಜ್ಯಗಳ ತಕರಾರು, ಕೇಂದ್ರದ ವಿಳಂಬ ಎಲ್ಲವೂ ನಿಜ. ಆದರೆ ಇದರ ಬೆನ್ನು ಬಿದ್ದು ದೆಹಲಿಯಲ್ಲಿ ಕೂರುವ ಒಂದು ಗುಂಪು ಈ ಭಾಗದ ನಾಯಕರಿಂದ ಯಾವತ್ತೂ ಕಟ್ಟಲಾಗಲಿಲ್ಲ. ಅಂದ ಹಾಗೆ, ಈ ಯೋಜನೆಯ ನೀರು ಸುರಪುರ, ಶಹಾಪುರ, ಜೇವರ್ಗಿಗೆ ಹೋಗುತ್ತದೆ. ಚಿಂಚೋಳಿಗೆ ಬರುವುದಿಲ್ಲ. ಅಲ್ಲಿನ ಹೆಚ್ಚಿನ ರೈತರಿಗೆ ಮಳೆಯೇ ಗತಿ: ಜೂನ್‌ನಲ್ಲಿ ತೊಗರಿ ಬಿತ್ತಿ, ಡಿಸೆಂಬರ್-ಜನವರಿಗೆ ರಾಶಿ ಮಾಡಿದರೆ ಮುಗಿಯಿತು. ಮುಂದಿನ ಮಳೆಯವರೆಗೆ ಕೈಗೆ ಕೆಲಸವಿಲ್ಲ. ಗುಳೆ ಹುಟ್ಟುವುದೇ ಈ ಐದಾರು ತಿಂಗಳಲ್ಲಿ.

ಇಂದಿರಾ ಎದುರು, ಆಮೇಲೆ ಇಂದಿರಾ ಜತೆ

1969ರಲ್ಲಿ ಕಾಂಗ್ರೆಸ್ ಒಡೆದಾಗ ಪಾಟೀಲರು ಗುರು ನಿಜಲಿಂಗಪ್ಪನವರ ಜತೆ ನಿಂತರು. 1971ರ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಅಲೆಗೆ ರಾಜ್ಯದ 27ಕ್ಕೆ 27 ಸ್ಥಾನಗಳೂ ಹೋದವು. ಶಾಸಕರು ಪಕ್ಷ ಬಿಟ್ಟರು, ಮಾರ್ಚ್ 18ಕ್ಕೆ ಸರ್ಕಾರ ಬಿತ್ತು. ಮುಂದೆ ದೇವರಾಜ ಅರಸು ಯುಗ. ಪಾಟೀಲರು ರಾಜ್ಯಸಭೆಗೆ ಹೋದರು, ತುರ್ತುಪರಿಸ್ಥಿತಿಯ ನಂತರ ಜನತಾ ಪಕ್ಷದಲ್ಲಿದ್ದರು.

1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆ ಇಡೀ ದೇಶದ ಸುದ್ದಿಯಾಯಿತು. ಇಂದಿರಾ ಗಾಂಧಿ ವಿರುದ್ಧ ಜನತಾ ಪಕ್ಷದ ಅಭ್ಯರ್ಥಿ ವೀರೇಂದ್ರ ಪಾಟೀಲ್. 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ವಿಶೇಷ ಏನೆಂದರೆ, 14 ತಿಂಗಳಲ್ಲೇ ಅವರು ಇಂದಿರಾ ಕಾಂಗ್ರೆಸ್ ಅಭ್ಯರ್ಥಿಯಾಗಿ 1980ರ ಲೋಕಸಭೆ ಚುನಾವಣೆ ಗೆದ್ದಿದ್ದರು. ಗೆದ್ದಿದ್ದು ಬಾಗಲಕೋಟೆಯಿಂದ.

ಹಾಗಾದರೆ ಗುಲ್ಬರ್ಗ ಏನಾಯಿತು? ಅಲ್ಲಿ ಧರಂ ಸಿಂಗ್ ಗೆದ್ದಿದ್ದರು. ನವದೆಹಲಿ ಕ್ಷೇತ್ರದಲ್ಲಿ ವಾಜಪೇಯಿ ಎದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ ಅವರಿಗೆ ಒಂದು ಸುರಕ್ಷಿತ ಕ್ಷೇತ್ರ ಬೇಕಾಗಿತ್ತು. ಧರಂ ಸಿಂಗ್ ರಾಜೀನಾಮೆ ಕೊಟ್ಟು ಕ್ಷೇತ್ರ ಬಿಟ್ಟುಕೊಟ್ಟರು. ಸ್ಟೀಫನ್ ಉಪಚುನಾವಣೆಯಲ್ಲಿ ಗೆದ್ದು ಕೇಂದ್ರ ಸಚಿವರಾದರು, ಧರಂ ಸಿಂಗ್ ಆಮೇಲೆ ರಾಜ್ಯದಲ್ಲಿ ಸಚಿವರಾದರು. ಕನ್ನಡ ಬಾರದ, ಜಿಲ್ಲೆಯ ಸಂಬಂಧವಿಲ್ಲದ ನಾಯಕರೊಬ್ಬರಿಗೆ ಗುಲ್ಬರ್ಗ ದೆಹಲಿಯ ದಾರಿಯಾಯಿತು. ಈ ಭಾಗದ ರಾಜಕಾರಣ ನಡೆದದ್ದು ಹೇಗೆ ಅಂತ ತಿಳಿಯಲು ಇದೊಂದು ಪ್ರಸಂಗ ಸಾಕು. ಮತ ಇಲ್ಲಿನದು, ತೀರ್ಮಾನ ದೆಹಲಿಯದು. ಹೈಕಮಾಂಡ್ ಹೇಳಿದಂತೆ ಕೇಳಿದವರಿಗೆ ಸ್ಥಾನ ಸಿಕ್ಕಿತು, ಪ್ರದೇಶದ ಹೆಸರಿನಲ್ಲಿ ಹಟ ಹಿಡಿದವರು ಮೂಲೆಗೆ ಸರಿದರು.

ಪಾಟೀಲರು ದೆಹಲಿಯಲ್ಲಿ ಪೆಟ್ರೋಲಿಯಂ ಮತ್ತು ರಸಾಯನಿಕ, ಹಡಗು ಮತ್ತು ಸಾರಿಗೆ, ಕಾರ್ಮಿಕ ಖಾತೆಗಳನ್ನು ನೋಡಿಕೊಂಡರು. 1984ರಲ್ಲಿ ಗುಲ್ಬರ್ಗದಿಂದಲೇ ಲೋಕಸಭೆಗೆ ಆಯ್ಕೆಯಾದರು. ಭೋಪಾಲ್ ಅನಿಲ ದುರಂತದ ಬಗ್ಗೆ 1985ರಲ್ಲಿ ಸಂಸತ್ತಿಗೆ ಉತ್ತರ ಕೊಡಬೇಕಾದ ಖಾತೆಯೂ ಅವರ ಬಳಿಯೇ ಇತ್ತು.

ಇದರಲ್ಲಿ ಕಾರ್ಮಿಕ ಖಾತೆ ಕುತೂಹಲದ್ದು. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲಿ ಬಂದು 1980ರ ಅಕ್ಟೋಬರ್‌ನಿಂದ ಜಾರಿಯಲ್ಲಿತ್ತು. ಕಂತ್ರಾಟುದಾರ ಲೈಸೆನ್ಸ್ ಪಡೆಯಬೇಕು, ಕಾರ್ಮಿಕನಿಗೆ ಪಾಸ್‌ಬುಕ್ ಕೊಡಬೇಕು, ಊರಿಂದ ಬರುವ ಹೋಗುವ ಖರ್ಚು ಕೊಡಬೇಕು ಎನ್ನುತ್ತಿತ್ತು ಆ ಕಾನೂನು. ಚಿಂಚೋಳಿಯಿಂದ ಮುಂಬೈಗೆ ದುಡಿಯಲು ಹೋದವನಿಗೆ ಹೇಳಿ ಮಾಡಿಸಿದ ಕಾಯ್ದೆ, ಖಾತೆಯ ಸಚಿವರು ಅದೇ ಚಿಂಚೋಳಿಯವರು. ಆದರೂ ದೇಶದ ಯಾವ ಮೂಲೆಯಲ್ಲೂ ಆ ಕಾಯ್ದೆ ಸರಿಯಾಗಿ ಜಾರಿಯಾಗಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದಿಂದ ಕಲಬುರಗಿ, ಯಾದಗಿರಿಗೆ ಜನ ಗುಂಪುಗುಂಪಾಗಿ ಮರಳಿದಾಗಲೇ ಎಷ್ಟು ಮಂದಿ ಹೊರಗಿದ್ದಾರೆ ಎನ್ನುವುದು ಸರ್ಕಾರದ ಕಣ್ಣಿಗೆ ಬಿದ್ದಿದ್ದು.

178 ಸ್ಥಾನ, ಹತ್ತೇ ತಿಂಗಳು

1989ರಲ್ಲಿ ಪಾಟೀಲರು ಕೆಪಿಸಿಸಿ ಅಧ್ಯಕ್ಷರಾಗಿ ಚುನಾವಣೆ ಎದುರಿಸಿದರು. ದೇಶದಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡರೂ ಕರ್ನಾಟಕದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಆ ಸಂಖ್ಯೆಯನ್ನು ರಾಜ್ಯದಲ್ಲಿ ಆಮೇಲೆ ಯಾವ ಪಕ್ಷವೂ ಮುಟ್ಟಿಲ್ಲ. ಪಾಟೀಲರು ಮತ್ತೆ ಚಿಂಚೋಳಿಯ ಶಾಸಕರು. ನವೆಂಬರ್ 30ಕ್ಕೆ ಎರಡನೇ ಬಾರಿ ಮುಖ್ಯಮಂತ್ರಿ.

ಈ ಸಲ ಅವರು ಮೊದಲು ಕೈ ಹಾಕಿದ್ದು ಅಬಕಾರಿಗೆ. ತೆರಿಗೆ ತಪ್ಪಿಸಿ ಮಾರುತ್ತಿದ್ದ ಮದ್ಯದ ಮೇಲೆ ಬಿಗಿ ಮಾಡಿದರು. ಇದರಿಂದ ಸ್ವಂತ ಪಕ್ಷದಲ್ಲೇ ಹಲವರಿಗೆ ಅಸಮಾಧಾನವಾಯಿತು ಎನ್ನುವುದು ಆ ಕಾಲದ ರಾಜಕೀಯ ಬಲ್ಲವರ ಮಾತು. ಸೆಪ್ಟೆಂಬರ್‌ನಲ್ಲಿ ಪಾರ್ಶ್ವವಾಯು ಹೊಡೆಯಿತು. ಅಷ್ಟರಲ್ಲೇ ಚನ್ನಪಟ್ಟಣ, ರಾಮನಗರದಲ್ಲಿ ಕೋಮು ಗಲಭೆ. ನೋಡಲು ಬಂದ ರಾಜೀವ್ ಗಾಂಧಿ ವಾಪಸ್ ಹೋಗುವಾಗ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆ ಘೋಷಿಸಿದರು. ಪಾಟೀಲರು ಒಪ್ಪಲಿಲ್ಲ. ಅಕ್ಟೋಬರ್ 10ರಿಂದ ಒಂದು ವಾರ ರಾಷ್ಟ್ರಪತಿ ಆಡಳಿತ, 17ರಂದು ಎಸ್. ಬಂಗಾರಪ್ಪ ಮುಖ್ಯಮಂತ್ರಿ. 1994ರ ಚುನಾವಣೆಯಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಇಳಿಯಿತು.

ಪಾಟೀಲರಿಗೆ ಆದದ್ದು ಅನ್ಯಾಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಮುದಾಯಕ್ಕಾದ ಅವಮಾನ ಎಂದು ಅದನ್ನು ನೆನಪಿಟ್ಟವರು ಬಹಳ, ಒಂದು ಪ್ರದೇಶಕ್ಕಾದ ನಷ್ಟ ಎಂದು ನೋಡಿದವರು ಕಡಿಮೆ. ಅವರ ಬೆನ್ನಿಗೆ ಹೈದರಾಬಾದ್ ಕರ್ನಾಟಕ ಎನ್ನುವ ಒಂದು ಶಕ್ತಿ ನಿಂತಿದ್ದರೆ ಅಷ್ಟು ಸುಲಭವಾಗಿ ಇಳಿಸಲು ಆಗುತ್ತಿತ್ತೇ? ಅಂಥ ಶಕ್ತಿಯನ್ನು ಅವರು ಕಟ್ಟಲೇ ಇಲ್ಲ. ನಿಜಲಿಂಗಪ್ಪ ಕೈಹಿಡಿದು ತಂದರು, ಇಂದಿರಾ ಸಚಿವರನ್ನಾಗಿ ಮಾಡಿದರು, ರಾಜೀವ್ ಮುಖ್ಯಮಂತ್ರಿ ಮಾಡಿ ಇಳಿಸಿದರು. 1997ರ ಮಾರ್ಚ್ 14ರಂದು ಅವರು ತೀರಿಕೊಂಡರು.

ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆ ಬಂದಿದ್ದು 1991ರಲ್ಲಿ, ಪಾಟೀಲರು ಇಳಿದ ಮೇಲೆ. ಈ ಭಾಗದ ಹಿಂದುಳಿದಿರುವಿಕೆ ಕುರಿತು ಧರಂ ಸಿಂಗ್ ಸಮಿತಿ ವರದಿ ಕೊಟ್ಟು ಆಗಲೇ ಹತ್ತು ವರ್ಷವಾಗಿತ್ತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ತಾಲೂಕುವಾರು ಲೆಕ್ಕ ಹಾಕಿತು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. ಆ ಪಟ್ಟಿಯಲ್ಲಿ ಚಿಂಚೋಳಿ ಇತ್ತು. ಎಂಟು ವರ್ಷದಲ್ಲಿ 31 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಿ ಅಸಮಾನತೆ ತಗ್ಗಿಸಬೇಕು ಎಂದು ಸಮಿತಿ ಹೇಳಿತು. ಎರಡೇ ವರ್ಷದಲ್ಲಿ, 2004ರಲ್ಲಿ, ಜೇವರ್ಗಿಯ ಧರಂ ಸಿಂಗ್ ಮುಖ್ಯಮಂತ್ರಿಯಾದರು. ಈ ಭಾಗದಿಂದ ಆ ಸ್ಥಾನಕ್ಕೇರಿದವರು ಪಾಟೀಲ್ ಮತ್ತು ಸಿಂಗ್ ಇಬ್ಬರೇ. ಸಿಂಗ್ ಸರ್ಕಾರ 20 ತಿಂಗಳಿಗೆ ಬಿತ್ತು, ವರದಿ ಮುಂದಿನವರ ಮೇಜಿಗೆ ಹೋಯಿತು.

371(ಜೆ) ಕೊನೆಗೂ ಬಂತು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು, 2013ರಲ್ಲಿ ಜಾರಿಯಾಯಿತು. ಮಲ್ಲಿಕಾರ್ಜುನ ಖರ್ಗೆ ಕೇಂದ್ರದಲ್ಲಿ ಸಚಿವರಾಗಿದ್ದ ಕಾಲವದು. ಈ ಭಾಗದ ಕಾಲೇಜುಗಳಲ್ಲಿ 70% ಸೀಟು, ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ 75ರಿಂದ 85% ಸ್ಥಳೀಯರಿಗೆ ಸಿಗಬೇಕು. ತೆಲಂಗಾಣಕ್ಕೆ 371(ಡಿ) ಸಿಕ್ಕು ಆಗಲೇ 39 ವರ್ಷ ಕಳೆದಿತ್ತು. ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಮರಾಠವಾಡಾಕ್ಕೆ 1956ರಲ್ಲೇ ಅವಕಾಶ ಇದ್ದರೂ ಮಂಡಳಿ ರಚನೆಯಾಗಿದ್ದು 1994ರಲ್ಲಿ. ಆದರೆ ಅಷ್ಟು ವರ್ಷಗಳಲ್ಲಿ ಕೈತಪ್ಪಿದ ಇಂಜಿನಿಯರಿಂಗ್, ಮೆಡಿಕಲ್ ಸೀಟು ಮತ್ತು ನೌಕರಿಗಳನ್ನು ಲೆಕ್ಕ ಹಾಕಿದವರು ಯಾರೂ ಇಲ್ಲ.

ಈ 371ಕ್ಕಾಗಿ ವರ್ಷಗಟ್ಟಲೆ ಧರಣಿ, ಬಂದ್, ಪಾದಯಾತ್ರೆ ಮಾಡಿ, ನಿಮಗೆ ಬೇರೆ ಕೆಲಸವಿಲ್ಲವೇ ಎನ್ನಿಸಿಕೊಂಡ ನಾಯಕ ವೈಜನಾಥ ಪಾಟೀಲ್. ಅವರೂ ಚಿಂಚೋಳಿಯಿಂದಲೇ ಶಾಸಕರಾಗಿದ್ದವರು. ಮುಖ್ಯಮಂತ್ರಿ ಸ್ಥಾನದ ಹತ್ತಿರಕ್ಕೂ ಅವರು ಹೋಗಲಿಲ್ಲ. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು, ನವೆಂಬರ್‌ನಲ್ಲಿ ವೈಜನಾಥ ಪಾಟೀಲ್ ತೀರಿಕೊಂಡರು. ಕಲಬುರಗಿ-ಬೀದರ್ ರೈಲು ಮಾರ್ಗ ಮಂಜೂರಾಗಿ ಎರಡು ದಶಕಗಳ ಮೇಲೆ, 2017ರಲ್ಲಿ ಉದ್ಘಾಟನೆಯಾಗಿದೆ. ಚಿಂಚೋಳಿಗೆ ಮಾತ್ರ ರೈಲು ಇಲ್ಲ. ಹತ್ತಿರದ ಸ್ಟೇಷನ್ ಗಡಿಯಾಚೆ, ತೆಲಂಗಾಣದ ತಾಂಡೂರಿನಲ್ಲಿದೆ.